ಒಂದೇ ಔಟು

ಮೈಕಣ್ಣನಿಗೆ ಹೆತ್ತವರು ಇಟ್ಟ ಹೆಸರು ಬೇರೆ ಏನೋ ಇತ್ತು. ಪಿಂಚಣಿ ಕಾಗದದಲ್ಲಿ ಬಿಟ್ಟರೆ ಅದು ಬೇರೆಲ್ಲೂ ಉಳಿದಿರಲಿಲ್ಲ. ಬಸ್ ನಿಲ್ದಾಣದ ಮೂಲೆಯಲ್ಲಿ ಗಾಜಿನ ಕಿಟಕಿಯ ಪುಟ್ಟ ಕೋಣೆಯೊಂದಿತ್ತು. ಅದರೊಳಗೆ ಕೂತು ಯಾವ ಬಸ್ಸು ಎಲ್ಲಿ ನಿಲ್ಲುತ್ತದೆ, ಯಾವುದು ತಡ, ಯಾರ ಮಗು ದಾರಿ ತಪ್ಪಿ ವಿಚಾರಣೆ ಕಿಟಕಿಯ ಹತ್ತಿರ ಅಳುತ್ತಾ ನಿಂತಿದೆ ಎಂದು ಹೇಳುವುದೇ ಅವನ ಉದ್ಯೋಗ. 'ಪ್ರಯಾಣಿಕರ ಗಮನಕ್ಕೆ' ಎಂದು ಅವನು ಶುರು ಮಾಡಿದರೆ ಬೆಂಚಿನಡಿ ಮಲಗಿದ ನಾಯಿಯೂ ಎದ್ದು ತನ್ನ ಬಸ್ಸು ಬಂತೇನೋ ಎಂದು ನೋಡುತ್ತಿತ್ತು. ಆಮೇಲೆ ಮುದ್ರಿಸಿಟ್ಟ ಹೆಣ್ಣುದನಿಯೊಂದು ಆ ಕೋಣೆಗೆ ಬಂತು, ಮೈಕಣ್ಣ ಮನೆಗೆ ಬಂದ. ದನಿಯನ್ನು ಮಾತ್ರ ಅಲ್ಲಿ ಬಿಟ್ಟು ಬರಲಿಲ್ಲ. ಅವನು ಊಟಕ್ಕೆ ಕೂತು ಉಪ್ಪು ಕೇಳಿದರೆ ಪಕ್ಕದ ಮನೆಯವರ ಕೈ ಉಪ್ಪಿನ ಡಬ್ಬಿಗೆ ಹೋಗುತ್ತಿತ್ತು.

ಇಂಥ ಗಂಟಲಿನ ಮನುಷ್ಯನ ಮಾತು ಕೇಳಿಸದವಳು ಇಡೀ ಊರಿಗೆ ಒಬ್ಬಳೇ, ಅವನ ಹೆಂಡತಿ.

ಅವಳು ಮದುವೆಗೆ ಮೊದಲಿನಿಂದಲೂ ಬಟ್ಟೆ ಗಿರಣಿಯಲ್ಲಿ ಮಗ್ಗ ನೋಡಿಕೊಳ್ಳುವವಳು. ಆ ಮಗ್ಗಗಳ ಕೋಣೆಗೆ ಒಮ್ಮೆ ಕಾಲಿಟ್ಟವರಿಗೆ ಗೊತ್ತು: ಲಾಳಿಗಳು ಅತ್ತಿಂದಿತ್ತ ಬಡಿಯುವ ಸದ್ದಿಗೆ ಕಾಲಡಿಯ ಸಿಮೆಂಟು ನೆಲವೇ ನಡುಗುತ್ತದೆ, ಹಲ್ಲು ಜುಮ್ಮೆನ್ನುತ್ತದೆ. ಅವಳ ಕಿವಿ ಒಂದೇ ದಿನ ಹೋದದ್ದಲ್ಲ. ಹಳೇ ಸೀರೆ ಸವೆದ ಹಾಗೆ ಎಳೆಎಳೆಯಾಗಿ ಹೋಯಿತು. ಮೊದಲು ಹಕ್ಕಿಗಳು ಹೋದವು, ಆಮೇಲೆ ಕುಕ್ಕರಿನ ಸೀಟಿ, ಆಮೇಲೆ ಬಾಗಿಲ ಗಂಟೆ. ಕೊನೆಗೆ ಗಂಡ.

ಗಿರಣಿಯಲ್ಲಿ ಅವಳಿಗೆ ಇದರಿಂದ ಏನೂ ತೊಂದರೆಯಾಗಲಿಲ್ಲ. ಅಲ್ಲಿ ಕಿವಿ ಚೆನ್ನಾಗಿದ್ದವರಿಗೂ ಏನೂ ಕೇಳಿಸುವುದಿಲ್ಲವಲ್ಲ! ಹಾಗಾಗಿ ಮಗ್ಗದವರೆಲ್ಲ ದನಿಯೇ ಇಲ್ಲದೆ, ತುಟಿಯನ್ನು ದೊಡ್ಡದಾಗಿ ಬಿಡಿಸಿ, ನಡುನಡುವೆ ಕೈಯಾಡಿಸಿ ಮಾತಾಡುತ್ತಾರೆ. ಈ ಸಾಲಿನವಳು ಆ ಸಾಲಿನವಳಿಗೆ ಸೊಸೆಯ ದೂರು ಪೂರ್ತಿಯಾಗಿ ಹೇಳಿ ಮುಗಿಸುತ್ತಾಳೆ, ನಡುವೆ ನಿಂತ ಹೊಸಬನಿಗೆ ಒಂದಕ್ಷರ ಗೊತ್ತಾಗುವುದಿಲ್ಲ. ಇದಕ್ಕೆ ಅವರು 'ಮಗ್ಗದ ಮಾತು' ಎನ್ನುತ್ತಾರೆ.

ಹಾಗಾದರೆ ಗಂಡನ ತುಟಿಯನ್ನೂ ಓದಬಹುದಿತ್ತಲ್ಲ ಎಂದು ಕೇಳಬೇಡಿ. ಮೈಕಣ್ಣನಿಗೆ ಮೀಸೆಯಿತ್ತು. ಸಣ್ಣಪುಟ್ಟ ಮೀಸೆಯಲ್ಲ; ಮೂಗಿನ ಕೆಳಗೆ ಹುಟ್ಟಿ, ಎರಡೂ ತುಟಿಗಳನ್ನು ದಾಟಿ ಗಲ್ಲಕ್ಕೆ ನೆರಳು ಕೊಡುತ್ತಿದ್ದ ಮೀಸೆ. ನಿಲ್ದಾಣದ ಕೆಲಸ ಹೋದಾಗಲೂ 'ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ' ಎಂದು ಅದನ್ನೇ ತೀಡಿಕೊಂಡು ಮನೆಗೆ ಬಂದಿದ್ದ.

"ಪೊದೆ ಒಳಗೆ ಏನೋ ಅಲ್ಲಾಡ್ತಿದೆ ಅಂತ ಗೊತ್ತಾಗುತ್ತೆ. ಏನು ಅಂತ ಗೊತ್ತಾಗಲ್ಲ," ಎನ್ನುತ್ತಿದ್ದಳು ಹೆಂಡತಿ.

ಹೀಗೆ ಆ ಮನೆಯಲ್ಲಿ ಕೂಗಿ ಹೇಳಬಹುದಾದ ಮಾತುಗಳಷ್ಟೇ ಉಳಿದವು. 'ಊಟ!' 'ಬಾಗಿಲು!' 'ಗ್ಯಾಸಿನವನು!' ಕೂಗಿ ಹೇಳಲಾಗದ ಮಾತುಗಳು ಒಂದೊಂದಾಗಿ ಜಾಗ ಖಾಲಿ ಮಾಡಿದವು. ಮದುವೆಯಾದ ಹೊಸದರಲ್ಲಿ, ಪಾಳಿ ಮುಗಿಸಿ ಬಂದವಳು ಸುಸ್ತಾಗಿ ಗೋಡೆಗೊರಗಿ ಕೂತಾಗ, ಮೈಕಣ್ಣ ಅವಳ ಕಿವಿಯ ಹತ್ತಿರ ಬಗ್ಗಿ ಪಿಸುಗುಡುತ್ತಿದ್ದ: "ಪ್ರಯಾಣಿಕರ ಗಮನಕ್ಕೆ. ಈ ಬಸ್ಸು ಎಲ್ಲಿಗೂ ಹೋಗುವುದಿಲ್ಲ. ಇಲ್ಲೇ ಇರುತ್ತದೆ." ಅವಳು ಎಷ್ಟೇ ಸಿಟ್ಟಿನಲ್ಲಿದ್ದರೂ ನಗುತ್ತಿದ್ದಳು. ಅದನ್ನು ಈಗ ಕೂಗಿ ಹೇಳಲಾದೀತೆ? ಆಚೆ ಬೀದಿಯವರು ಪೆಟ್ಟಿಗೆ ಹಿಡಿದುಕೊಂಡು ಬಂದಾರು. ಹಾಗಾಗಿ ಆ ಮಾತೂ ಹೋಯಿತು. ಅದರ ಜಾಗಕ್ಕೆ ಇನ್ನೊಂದು ಮಾತು ಬಂತು. ಅವನು ಏನಾದರೂ ಸಣ್ಣದಾಗಿ ಅಂದುಕೊಂಡಾಗ ಅವಳು "ಏನಂದ್ರಿ?" ಎಂದು ಕೇಳುವಳು, ಅವನು ಕೈ ಅಲ್ಲಾಡಿಸಿ "ಏನಿಲ್ಲ ಬಿಡು" ಎನ್ನುವನು. ದಿನಕ್ಕೆಷ್ಟು ಸಲವೋ. ಅವನಿಗೆ ಅದು ತಪ್ಪೆಂದು ಹೊಳೆದೇ ಇರಲಿಲ್ಲ. ಕೆಟ್ಟ ಗಂಡನೇನಲ್ಲ, ಸ್ವಲ್ಪ ಸೋಮಾರಿ ಅಷ್ಟೇ.

ಗಿರಣಿಯಿಂದ ಅವಳು ನಿವೃತ್ತಳಾಗುವ ದಿನ ಹತ್ತಿರ ಬಂತು. ಶನಿವಾರ ಕ್ಯಾಂಟೀನಿನ ದೊಡ್ಡ ಹಾಲಿನಲ್ಲಿ ಬೀಳ್ಕೊಡುಗೆ, ಎಲ್ಲರೂ ಎರಡು ಮಾತು ಆಡುತ್ತಾರೆ ಎಂದು ಸುದ್ದಿ ಬಂದಾಗ ಅವಳು ಸೊಪ್ಪು ಬಿಡಿಸುತ್ತಿದ್ದವಳು ತಲೆಯೆತ್ತಲಿಲ್ಲ.

"ನಾನು ಹೋಗಲ್ಲ."

"ಯಾಕೆ?" ಮೈಕಣ್ಣ ಕೂಗಿದ.

"ಅವರೆಲ್ಲ ಮೈಕ್ ಹಿಡ್ಕೊಂಡು ಜನದ ಕಡೆ ತಿರುಗಿ ಮಾತಾಡ್ತಾರೆ. ನನಗೆ ಕಾಣೋದು ಅವರ ಕಿವಿ, ಬೆನ್ನು. ಅವರು ಹೊಗಳಿದ್ರೋ ಬೈದ್ರೋ ಗೊತ್ತಿಲ್ಲದೆ ಗೊಂಬೆ ಥರ ಹಲ್ಲು ಕಿರಿದುಕೊಂಡು ಹೂಂ ಹೂಂ ಅಂತ ಕೂತಿರಬೇಕಾ? ನನ್ನಿಂದಾಗಲ್ಲ." ಸೊಪ್ಪಿನ ದಂಟು ಮುರಿಯುತ್ತಾ ಮುಂದುವರಿಸಿದಳು. "ಇಷ್ಟು ವರ್ಷ ಪಕ್ಕದ ಮಗ್ಗದಲ್ಲಿ ಗುಬ್ಬಿ ಇದ್ದಾಳೆ. ಅವಳ ತುಟಿ ನನಗೆ ಬಾಯಿಪಾಠ. ಅವಳ ದನಿ ಹೇಗಿದೆ ಅಂತ ಇವತ್ತಿಗೂ ಗೊತ್ತಿಲ್ಲ ನೋಡಿ."

ಗುಬ್ಬಿ ಎಂದರೆ ಅವಳ ಜೊತೆಗಾತಿ. ಮಗ್ಗದ ಮೇಲೆ ಕೈ ಎಟುಕಲು ಮರದ ಮಣೆ ಹಾಕಿಕೊಂಡು ನಿಲ್ಲುವಷ್ಟು ಕುಳ್ಳಿ.

ಮೈಕಣ್ಣ "ಏನಿಲ್ಲ ಬಿಡು" ಎನ್ನಲು ಹೋಗಿ ನಿಲ್ಲಿಸಿದ. ಊರಿಗೆಲ್ಲ ಕೇಳಿಸಿದವನು ತಾನು. ತನ್ನ ಹೆಂಡತಿಗೆ ಅವಳದೇ ಬೀಳ್ಕೊಡುಗೆಯನ್ನು ಕೇಳಿಸಲಾರೆನೆ? ಮಗಳು ಕೊಡಿಸಿದ ಕಿವಿಯಂತ್ರ ಡಬ್ಬಿಯಲ್ಲಿತ್ತು. ಜನ ಸೇರಿದ ಕಡೆ ಅದು ಮಾತನ್ನೂ ತಟ್ಟೆ ಲೋಟದ ಸದ್ದನ್ನೂ ಒಟ್ಟಿಗೆ ಕಲಸಿ ಕಿವಿಗೆ ಸುರಿಯುತ್ತದೆ ಎಂದು ಅವಳು ಮುಟ್ಟುತ್ತಿರಲಿಲ್ಲ. ಆದರೆ ಮಗಳ ಮನೆಯಲ್ಲಿ ಒಮ್ಮೆ ಮೊಮ್ಮಗಳ ದೊಡ್ಡ ಹೆಡ್‌ಫೋನು ಹಾಕಿಕೊಂಡು ಟೀವಿ ನೋಡಿದ್ದಳು. ನಗಬೇಕಾದ ಜಾಗದಲ್ಲೇ ನಕ್ಕಿದ್ದಳು. ಅದು ನೆನಪಾದದ್ದೇ ತಡ, ಮೈಕಣ್ಣ ಚಪ್ಪಲಿ ಮೆಟ್ಟಿದ.

ಮೈಕು, ಸ್ಪೀಕರು ಮಾರುವ ಅಂಗಡಿಯವನು ಊಟದ ಡಬ್ಬಿಯಷ್ಟು ದೊಡ್ಡದೊಂದು ಮಿಕ್ಸರನ್ನು ಮೇಜಿನ ಮೇಲಿಟ್ಟ. ಎರಡು ಮೈಕು ಸಿಕ್ಕಿಸುವ ಜಾಗ, ಬಣ್ಣಬಣ್ಣದ ತಿರುಗಣೆಗಳು, ಒಂದು ಪುಟ್ಟ ಹಸಿರು ದೀಪ. ಮೈಕಣ್ಣನಿಗೆ ನೋಡಿದ ಕೂಡಲೇ ಮನಸ್ಸು ಹೋಯಿತು. ವಿಷಯ ಕೇಳಿದ ಅಂಗಡಿಯವನು ತಲೆ ಕೆರೆದುಕೊಂಡ.

"ಅಣ್ಣಾ, ಮೊದಲೇ ಹೇಳಿಬಿಡ್ತೀನಿ. ಇದಕ್ಕೆ ಒಂದೇ ಔಟು."

"ಒಂದೇ ಔಟಾದ್ರೆ ಒಳ್ಳೇದೇ ಅಲ್ವೇನಪ್ಪಾ. ಇನ್ನೂ ಒಂಬತ್ತು ವಿಕೆಟ್ ಕೈಲಿದೆ."

"ಆ ಔಟಲ್ಲ ಅಣ್ಣಾ! ಸದ್ದು ಹೊರಗೆ ಹೋಗೋ ದಾರಿ."

ಮೈಕಣ್ಣ ಮಿಕ್ಸರನ್ನು ತಿರುಗಿಸಿ ಹಿಂಬದಿ ನೋಡಿದ. "ಯಾರ ಕಿವಿಗೆ ಹೂವು ಮುಡಿಸ್ತೀಯ? ಸ್ಪೀಕರಿಗೆ ಎರಡು ತೂತು, ಹೆಡ್‌ಫೋನಿಗೆ ಒಂದು. ಮೂರಾಯ್ತಲ್ಲ!"

"ತೂತು ಮೂರೇ. ಆದ್ರೆ ಮನೇಲಿ ನಲ್ಲಿ ಮೂರಿದ್ರೂ ಟ್ಯಾಂಕಿನ ಕೆಳಗಿನ ವಾಲ್ವು ಒಂದೇ ಇರುತ್ತಲ್ಲ, ಹಾಗೆ. ಈ ಕೆಂಪು ಗುಂಡಿ ತಿರುಗಿಸಿದ್ರೆ ಹೆಡ್‌ಫೋನೂ ಜೋರಾಗುತ್ತೆ, ಸ್ಪೀಕರೂ ಜೋರಾಗುತ್ತೆ. ಅವರಿಗೆ ಒಂದಳತೆ, ಜನಕ್ಕೆ ಒಂದಳತೆ ಅಂತ ಕೊಡಕ್ಕೆ ಬರಲ್ಲ. ಅದಕ್ಕೆ ಬೇರೆ ಔಟು ಇರೋದು ಬೇಕು. ತರಿಸ್ಕೊಡ್ತೀನಿ, ಮುಂದಿನ ವಾರ ಬರುತ್ತೆ."

"ಶನಿವಾರ ಕಾರ್ಯಕ್ರಮ ಇಟ್ಕೊಂಡು ಮುಂದಿನ ವಾರ ಏನು ಮಾಡ್ಲಿ? ಜೀವಮಾನ ಎಲ್ಲ ಮೈಕಿನ ಮುಂದೇ ಕಳೆದವನು ನಾನು. ನನಗೆ ಹೇಳಿಕೊಡ್ತೀಯಾ?"

ಮೈಕಿನ ಮುಂದೆ ಕಳೆದದ್ದೇನೋ ನಿಜ. ಮೈಕಿನ ಹಿಂದೆ ಏನಿರುತ್ತದೆ ಎಂದು ಅವನು ಒಮ್ಮೆಯೂ ಬಗ್ಗಿ ನೋಡಿರಲಿಲ್ಲ. ನಿಲ್ದಾಣದಲ್ಲಿ ಒಂದು ಗುಂಡಿ ಒತ್ತುವುದು, ಮಾತಾಡುವುದು, ಬಿಡುವುದು, ಇಷ್ಟೇ ಅವನ ವಿದ್ಯೆ. ಅಂಗಡಿಯವನ ಮಾತನ್ನು ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟು, ಮಿಕ್ಸರು, ಮೈಕು, ಹೆಡ್‌ಫೋನುಗಳನ್ನು ಚೀಲಕ್ಕೆ ಹಾಕಿಕೊಂಡು ಹೊರಟ.

"ಮಿಕ್ಸರ್ ತಂದಿದ್ದೀನಿ!" ಬಾಗಿಲಲ್ಲೇ ಕೂಗಿದ.

"ಮಿಕ್ಸೀನಾ? ಇರೋದೇ ಚೆನ್ನಾಗಿ ರುಬ್ಬುತ್ತಲ್ಲ, ಇನ್ನೊಂದು ಯಾಕೆ?"

ಅವನು ಊಟದ ಮೇಜಿನ ಮೇಲೆ ಎಲ್ಲವನ್ನೂ ಜೋಡಿಸಿ, ಹೆಡ್‌ಫೋನನ್ನು ಅವಳ ತಲೆಗೆ ತೊಡಿಸಿ, ಎದುರು ಕೂತು, ಅಭ್ಯಾಸಬಲದಿಂದ ಎದೆ ತುಂಬ ಉಸಿರೆಳೆದು "ಹಲೋ!" ಎಂದ. ಅವಳು ಕುರ್ಚಿಯಿಂದ ಅರ್ಧ ಎದ್ದುಬಿಟ್ಟಳು.

"ಅಯ್ಯೋ, ಮೆಲ್ಲಗೆ! ಬಸ್ಸೇನೂ ಹೊರಟುಹೋಗಲ್ಲ!"

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಅವಳಿಗೆ ಕೇಳಿಸಿತ್ತು. ಅವನು ಮೆಲ್ಲಗೆ, ತೀರಾ ಮೆಲ್ಲಗೆ, "ಕೇಳಿಸ್ತಾ?" ಎಂದ. ಅವಳು ತಲೆಯಾಡಿಸಿದಳು. ಈ ಸಲದ್ದು ಹೂಂಗುಟ್ಟುವ ತಲೆಯಾಟವಲ್ಲ. ಕಣ್ಣು ಒದ್ದೆಯಾಗಿತ್ತು, ಬಾಯಿ ಮಾತ್ರ ತಮಾಷೆಗಿಳಿಯಿತು. "ಉಸಿರಾಡುವಾಗ ನಿಮ್ಮ ಮೂಗಲ್ಲಿ ಸೀಟಿ ಬರುತ್ತೆ ರೀ. ಯಾವಾಗಿಂದ?"

ಆ ಹಳೆಯ ಬಸ್ಸಿನ ಮಾತು ಅವನ ನಾಲಿಗೆಯ ತುದಿಗೆ ಬಂದಿತ್ತು. ಮೊಮ್ಮಕ್ಕಳಾದ ಮೇಲೆ ಇದೆಲ್ಲ ಏನು ಎಂದು ನಾಚಿಕೆಯಾಗಿ, ಹಳೇ ಬಸ್ಸುಗಳ ವೇಳಾಪಟ್ಟಿಯನ್ನೇ ಒಪ್ಪಿಸಿದ. ಅವಳು ಅದನ್ನೇ ಹಾಡಿನಂತೆ ಕೇಳುತ್ತಾ ಕೂತಳು. ಕೊನೆಗೆ, "ಆಯ್ತು, ಬರ್ತೀನಿ ಶನಿವಾರ," ಎಂದಳು.

ಊಟದ ಮೇಜಿನ ಮೇಲೆ ಸ್ಪೀಕರು ಇರಲಿಲ್ಲ. ಹಾಗಾಗಿ ಅಂಗಡಿಯವನ ಮಾತಿನ ಅರ್ಥ ಆ ದಿನವೂ ಮೈಕಣ್ಣನಿಗೆ ತಿಳಿಯಲಿಲ್ಲ.

ತಿಳಿದದ್ದು ಶನಿವಾರ. ಕ್ಯಾಂಟೀನಿನ ಹಾಲಿನಲ್ಲಿ ಬೆಂಚುಗಳನ್ನು ಸಾಲಾಗಿ ಹಾಕಿದ್ದರು. ಮಗ್ಗದ ಹೆಂಗಸರು ಗಂಡಸರು ಕೂದಲಿಗೆ ಅಂಟಿದ ಹತ್ತಿಯ ಧೂಳನ್ನು ಒರೆಸಿಕೊಂಡು, ಒಳ್ಳೆಯ ಬಟ್ಟೆ ಹಾಕಿಕೊಂಡು ಬಂದಿದ್ದರು. ಎದುರಿನ ಕಟ್ಟೆಯ ಮೇಲೆ ಹೆಂಡತಿಯ ಕುರ್ಚಿ. ಅವಳ ತಲೆಯ ಮೇಲೆ ಆ ದೊಡ್ಡ ಹೆಡ್‌ಫೋನನ್ನು ಕಂಡು ಹಿಂದಿನ ಸಾಲಿನಿಂದ ಯಾರೋ "ಅಕ್ಕ ವಿಮಾನ ಓಡಿಸ್ತಾಳೆ!" ಎಂದರು. ಮೈಕಣ್ಣ ಹಾಲಿನ ಎರಡು ಸ್ಪೀಕರ್ ಪೆಟ್ಟಿಗೆಗಳ ತಂತಿಯನ್ನು ತನ್ನ ಮಿಕ್ಸರಿಗೆ ಸಿಕ್ಕಿಸಿ, ಮೀಸೆ ತೀಡಿ, ಹಸಿರು ದೀಪ ಹಚ್ಚಿದ.

ಮೊದಲು ಮಾತಾಡಿದವರು ಮೇಲ್ವಿಚಾರಕರು. ಅವರೂ ಮಗ್ಗದ ಮುಂದೆ ನಿಂತೇ ಮೇಲೆ ಬಂದವರು. ಹಾಲಿಗೆ ಅವರ ಮಾತು ಹಿತವಾಗಿ ಕೇಳಿಸುತ್ತಿತ್ತು. ಹೆಂಡತಿ ಮೈಕಣ್ಣನ ಕಡೆ ನೋಡಿ ಹೆಬ್ಬೆರಳು ಮೇಲೆ ಮಾಡಿದಳು: ಸಾಲದು. ಅವನು ಕೆಂಪು ಗುಂಡಿ ಸ್ವಲ್ಪ ತಿರುಗಿಸಿದ. ಪೆಟ್ಟಿಗೆಗಳು ಗುಡುಗಿದವು. ಅವಳು ಮತ್ತೆ ಹೆಬ್ಬೆರಳೆತ್ತಿದಳು. ಇನ್ನೂ ಸ್ವಲ್ಪ ತಿರುಗಿಸಿದ್ದೇ ತಡ, ಕುಯ್ಯ್ ಎಂದು ಪೆಟ್ಟಿಗೆಗಳು ಕಿರುಚಿಕೊಂಡವು. ಇಡೀ ಸಭೆ ಕಿವಿ ಮುಚ್ಚಿಕೊಂಡಿತು. ಮೇಲ್ವಿಚಾರಕರು ಮೈಕನ್ನು ಹಾವೆಂಬಂತೆ ದೂರ ಹಿಡಿದರು. ಮೈಕಣ್ಣ ಗಾಬರಿಯಿಂದ ಗುಂಡಿಯನ್ನು ಹಿಂದಕ್ಕೆ ತಿರುಗಿಸಿದ. ಪೆಟ್ಟಿಗೆಗಳು ತಣ್ಣಗಾದವು, ಹೆಡ್‌ಫೋನೂ ತಣ್ಣಗಾಯಿತು.

ಆಗ ನೋಡಿದ ಅವಳ ಮುಖವನ್ನು. ಅವಳು ಕೈಯಿಳಿಸಿ ಮಡಿಲಲ್ಲಿ ಇಟ್ಟುಕೊಂಡಿದ್ದಳು. ಹಲ್ಲು ಕಾಣುವಂತೆ ನಗುತ್ತಿದ್ದಳು. ಮೇಲ್ವಿಚಾರಕರ ಬೆನ್ನು ನೋಡುತ್ತಾ ಹೂಂ, ಹೂಂ ಎಂದು ತಲೆಯಾಡಿಸುತ್ತಿದ್ದಳು. ಅದು ಅವಳು ಹೇಳಿದ್ದ ಗೊಂಬೆ. ತಾನೇ ಕೈಹಿಡಿದು ಕರೆತಂದು ಅವಳನ್ನು ಅಷ್ಟು ಜನರ ಎದುರು ಗೊಂಬೆ ಮಾಡಿ ಕೂರಿಸಿದ್ದ ಮೈಕಣ್ಣ. ಭಾಷಣ ಮುಗಿಯಿತು, ಚಪ್ಪಾಳೆ ಬಿತ್ತು. ಅವಳಿಗೆ ಒಂದು ಮಾತೂ ದಕ್ಕಿರಲಿಲ್ಲ.

ಮುಂದಿನವಳು ಗುಬ್ಬಿ. ಅವಳು ಮೆಟ್ಟಿಲು ಹತ್ತಿ ಬರುತ್ತಿದ್ದಳು. ಅವಳ ದನಿ ಹೇಗಿದೆ ಅಂತ ಇವತ್ತಿಗೂ ಗೊತ್ತಿಲ್ಲ ನೋಡಿ ಎಂದಿದ್ದಳಲ್ಲ ಹೆಂಡತಿ. ನಲ್ಲಿ ಮೂರಿದ್ದರೂ ವಾಲ್ವು ಒಂದೇ. ಅಂಗಡಿಯವನು ಹೇಳಿದ್ದು ಈಗ, ಬಹಳ ತಡವಾಗಿ, ಅವನ ತಲೆಗೆ ಇಳಿಯಿತು. ಒಂದೇ ವಾಲ್ವು ಎಂದರೆ ಅವಳಿಗೂ ಜನಕ್ಕೂ ಸರಿಯಾಗಿ ಕೊಡಲಾಗದು. ಯಾರಿಗೆ ಕೊಡಬೇಕು?

ಮೈಕಣ್ಣ ಸ್ಪೀಕರಿನ ಎರಡೂ ತಂತಿಗಳನ್ನು ಕಿತ್ತು ಕೆಳಗೆ ಹಾಕಿದ. ಕೆಂಪು ಗುಂಡಿಯನ್ನು ಹೆಂಡತಿಯ ಕಿವಿಗೆ ಬೇಕಾದಷ್ಟು ಏರಿಸಿದ.

ಗುಬ್ಬಿ ಮೈಕಿಗೆ ಏನೋ ಅಂದಳು. ಪೆಟ್ಟಿಗೆಗಳು ಸತ್ತಿದ್ದವು. ಅವಳು ಮೈಕನ್ನು ತಟ್ಟಿ, ಮೈಕಣ್ಣನ ಕಡೆ ತಿರುಗಿ ಹುಬ್ಬೇರಿಸಿದಳು.

"ಎಲ್ಲರೂ ಕ್ಷಮಿಸಬೇಕು," ಮೈಕಣ್ಣ ಎದ್ದು ನಿಂತ. "ಈ ಮಿಕ್ಸರಿಗೆ ಒಂದೇ ಔಟು. ಅದನ್ನ ಅವಳಿಗೆ ಕೊಟ್ಟಿದ್ದೀನಿ. ನಿಮಗೆ ಕೇಳಿಸಲ್ಲ."

ಹಾಲಿನಲ್ಲಿ ಒಂದು ಕ್ಷಣ ಗುಸುಗುಸು. ಆಮೇಲೆ ಮುಂದಿನ ಸಾಲಿನಲ್ಲಿದ್ದ ಮೇಲ್ವಿಚಾರಕರು ನಕ್ಕುಬಿಟ್ಟರು. "ಕೇಳಿಸದಿದ್ರೆ ಏನಾಯ್ತು? ನಮಗೆ ಕಾಣಿಸುತ್ತಲ್ಲ! ಗುಬ್ಬಿ, ಮೈಕ್ ಸ್ವಲ್ಪ ಕೆಳಗೆ ಹಿಡಿಯಮ್ಮ. ತುಟಿಗೆ ಅಡ್ಡ ಬರ್ತಿದೆ."

ಗುಬ್ಬಿ ಮೈಕನ್ನು ಗಲ್ಲದ ಹತ್ತಿರ ಇಳಿಸಿದಳು. ಗಿರಣಿಯಲ್ಲಿ ಮಾತಾಡುವಂತೆ ತುಟಿ ಬಿಡಿಸಿ, ಸಣ್ಣ ದನಿಯಲ್ಲಿ ಶುರು ಮಾಡಿದಳು. ಹಾಲಿನಲ್ಲಿದ್ದವರೆಲ್ಲ ಕತ್ತು ನೀಡಿ ಅವಳ ಬಾಯಿಯನ್ನೇ ನೋಡಿದರು. ಹಿಂದಿನ ಸಾಲಿನವರು ಬೆಂಚಿನ ಮೇಲೆ ಹತ್ತಿ ನಿಂತರು.

ಮೊದಲ ಮಾತಿಗೇ ಹೆಂಡತಿ ಎರಡೂ ಕೈಯಲ್ಲಿ ಹೆಡ್‌ಫೋನನ್ನು ಅದುಮಿ ಹಿಡಿದು ಕೂಗಿದಳು: "ಏನೇ ಇದು! ನಿನ್ನ ದನಿ ಇಷ್ಟು ದಪ್ಪವೇನೇ! ನಾನು ಇಷ್ಟು ವರ್ಷ ಗುಬ್ಬಿ ಚಿಂವ್ ಚಿಂವ್ ಅನ್ನುತ್ತೆ ಅಂದ್ಕೊಂಡಿದ್ದೆ!"

ಸಭೆಯೆಲ್ಲ ಬಿದ್ದು ಬಿದ್ದು ನಕ್ಕಿತು. ಗುಬ್ಬಿಯೂ ನಕ್ಕಳು, ಆಮೇಲೆ ಅಳುತ್ತಲೇ ಮುಂದುವರಿಸಿದಳು. ತನ್ನ ಗಂಡ ತೀರಿಕೊಂಡ ವರ್ಷ ತಾನು ಪಾಳಿಯ ನಡುವೆ ನೂಲಿನ ಕೋಣೆಗೆ ಹೋಗಿ ಅತ್ತು ಬರುತ್ತಿದ್ದೆ ಎಂದಳು. ಬಂದು ನೋಡಿದರೆ ತನ್ನ ಮಗ್ಗಗಳಲ್ಲಿ ಒಂದೆಳೆಯೂ ತುಂಡಾಗಿರುತ್ತಿರಲಿಲ್ಲ. ಅಕ್ಕ ತನ್ನ ಮಗ್ಗಗಳ ಜೊತೆಗೆ ಗುಬ್ಬಿಯ ಮಗ್ಗಗಳನ್ನೂ ಓಡಾಡಿಕೊಂಡು ನೋಡುತ್ತಿದ್ದಳು, ಯಾಕೆ ಹೋದೆ ಎಂದು ಒಂದು ದಿನವೂ ತುಟಿ ಬಿಚ್ಚಿ ಕೇಳಲಿಲ್ಲ ಎಂದಳು. ಹೆಂಡತಿ ಈಗ ತಲೆಯಾಡಿಸುತ್ತಿರಲಿಲ್ಲ, ನಗುತ್ತಲೂ ಇರಲಿಲ್ಲ. ಬಾಯಿ ಮೇಲೆ ಸೆರಗು ಹಿಡಿದು ಸುಮ್ಮನೆ ಕೇಳುತ್ತಿದ್ದಳು.

ಗುಬ್ಬಿಯ ಹಿಂದೆ ಒಬ್ಬೊಬ್ಬರಾಗಿ ಎದ್ದು ಬಂದರು. ಹೇಳುವುದೇನೂ ಇಲ್ಲದವರೂ ತಮ್ಮ ದನಿ ಅಕ್ಕನಿಗೆ ಕೇಳಿಸಲಿ ಎಂದು ಬಂದು "ನಾನು, ಮೂಲೆ ಮಗ್ಗದವಳು" ಎಂದು ಹೇಳಿ ಹೋದರು. ಕೊನೆಗೆ ಹೆಂಗಸರೆಲ್ಲ ಮೈಕಣ್ಣನನ್ನು ಹಿಡಿದುಕೊಂಡರು.

"ಭಾವಾ, ನೀವು! ಊರಿಗೆಲ್ಲ ಹೇಳಿದ್ದೀರ, ಅಕ್ಕನಿಗೆ ಹೇಳಿ!"

ಮೈಕು ಕೈಗೆ ಬಂದದ್ದೇ ಅವನ ಎದೆ ತಾನಾಗಿ ಉಬ್ಬಿತು. ಹೆಂಡತಿ ಬೆದರಿ ಹೆಡ್‌ಫೋನಿನ ಮೇಲೆ ಕೈಯಿಟ್ಟುಕೊಂಡಳು. ಅವನು ಉಸಿರು ಬಿಟ್ಟ. ಏನು ಹೇಳುವುದು? ಹೊಗಳಿಕೆಯ ಮಾತೆಲ್ಲ ಅವರೇ ಆಡಿ ಮುಗಿಸಿದ್ದರು. ಅವನು ಮೈಕನ್ನು ಮೀಸೆಗೆ ತಾಗುವಷ್ಟು ಹತ್ತಿರ ತಂದು, ಅವಳನ್ನೇ ನೋಡುತ್ತಾ, ಗಾಳಿಯಷ್ಟು ಮೆಲ್ಲಗೆ ಹೇಳಿದ:

"ಪ್ರಯಾಣಿಕರ ಗಮನಕ್ಕೆ. ಈ ಬಸ್ಸು ಎಲ್ಲಿಗೂ ಹೋಗುವುದಿಲ್ಲ. ಇಲ್ಲೇ ಇರುತ್ತದೆ."

ಅವಳ ಮುಖ ಮದುವೆಯಾದ ಹೊಸದರ ಮುಖವಾಯಿತು.

"ಏನಂದ್ರು? ಏನಂದ್ರು?" ಹಾಲಿನಲ್ಲಿ ಗದ್ದಲವೆದ್ದಿತು. "ಮೋಸ! ಮೀಸೆ ಅಡ್ಡ! ಏನೂ ಕಾಣಿಸ್ಲಿಲ್ಲ!"

ಹೆಂಡತಿ ಎದ್ದು ನಿಂತಳು. ಹಾಲಿನ ಕಡೆ ತಿರುಗಿ, ದನಿಯಿಲ್ಲದೆ, ತುಟಿ ಬಿಡಿಸಿ, ಒಂದು ಕೈಯಲ್ಲಿ ಬಸ್ಸಿನ ಚಕ್ರ ತಿರುಗಿಸುವಂತೆ ಮಾಡಿ ಏನೋ ಹೇಳಿದಳು. ಜನ 'ಓ' ಎಂದರು. ಅವಳು ನಿಲ್ಲಿಸದೆ ಇನ್ನೂ ಏನೋ ಸೇರಿಸಿದಳು. ಸಭೆಗೆ ಸಭೆಯೇ ನಗೆಯಿಂದ ಸ್ಫೋಟಿಸಿತು. ಮೇಲ್ವಿಚಾರಕರು ಕಣ್ಣೊರೆಸಿಕೊಂಡು ನಕ್ಕರು. ಗುಬ್ಬಿ ಬೆಂಚು ಬಡಿದಳು. ಎಲ್ಲರೂ ಮೈಕಣ್ಣನನ್ನು ನೋಡಿ ನಗುತ್ತಿದ್ದರು. ಅಷ್ಟು ಜನರ ನಡುವೆ ಆ ಮಾತು ಗೊತ್ತಾಗದವನು ಅವನೊಬ್ಬನೇ. ಏನು ಮಾಡಬೇಕೆಂದು ತಿಳಿಯದೆ ಅವನೂ ಹಲ್ಲು ಕಿರಿದ, ಹೂಂ ಎಂದು ತಲೆಯಾಡಿಸಿದ.

ಮನೆಗೆ ಹೋಗುವ ದಾರಿಯಲ್ಲಿ ತಡೆಯಲಾರದೆ ಕೂಗಿ ಕೇಳಿಯೇಬಿಟ್ಟ. "ಅವರಿಗೆ ಏನಂದೆ?"

ಅವಳು ಕೈ ಅಲ್ಲಾಡಿಸಿದಳು. "ಏನಿಲ್ಲ ಬಿಡಿ."

ಮೈಕಣ್ಣ ನಡು ರಸ್ತೆಯಲ್ಲಿ ನಿಂತುಬಿಟ್ಟ. ಅವಳು ತಮಾಷೆಗೆ ಅಂದದ್ದೋ, ಅಭ್ಯಾಸದಲ್ಲಿ ಬಂದದ್ದೋ, ಅವಳೇ ಬಲ್ಲಳು. ಆದರೆ ಆ ಎರಡು ಮಾತು ಹೇಗೆ ಬಾಗಿಲು ಹಾಕುತ್ತವೆ ಎಂದು ಅವನು ಆಚೆ ಕಡೆ ನಿಂತು ನೋಡಿದ್ದು ಅದೇ ಮೊದಲು. ಇಷ್ಟು ವರ್ಷ ಇವಳನ್ನು ಎಷ್ಟು ಸಲ ಇಲ್ಲಿ ನಿಲ್ಲಿಸಿದ್ದೆನೋ ಎಂದು ನೆನೆದು ಅವನಿಗೆ ನಿಜವಾಗಿಯೂ ನೋವಾಯಿತು.

ಮರುದಿನ ಬೆಳಿಗ್ಗೆ ಕ್ಷೌರದಂಗಡಿಯಲ್ಲಿ ಕೂತು, "ತೆಗೆದುಬಿಡು," ಎಂದ.

ಕ್ಷೌರಿಕ ಕತ್ತರಿ ಹಿಡಿದು ಹಿಂದೆ ಸರಿದ. "ಯಾರ ಹತ್ರ ಪಂದ್ಯ ಸೋತ್ರಿ?"

"ಪಂದ್ಯ ಇಲ್ಲ. ಮೈಕಿಗೆ ಅಡ್ಡ ಬರುತ್ತೆ."

ಮನೆಗೆ ಬಂದಾಗ ಹೆಂಡತಿ ಬಾಗಿಲು ತೆಗೆದು, ಯಾರೋ ಬೇರೆಯವರೆಂದು ಅರ್ಧ ಮುಚ್ಚಿ, ಮತ್ತೆ ಪೂರ್ತಿ ತೆಗೆದಳು. ಬಿಸಿಲು ಕಾಣದ ಮೇಲ್ತುಟಿ ಬೆಳ್ಳಗೆ, ಸ್ವಲ್ಪ ಸಂಕೋಚದಿಂದ ಹೊರಗೆ ಬಂದಿತ್ತು. ಮೈಕಣ್ಣ ಕೂಗಲಿಲ್ಲ. ಗುಬ್ಬಿ ಮಾಡಿದ ಹಾಗೆ ತುಟಿ ಬಿಡಿಸಿ, ದನಿಯಿಲ್ಲದೆ ಕೇಳಿದ: ನಿನ್ನೆ ಏನಂದೆ?

ಅವಳು ಓದಿದಳು. ಓದಿ, ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ತನ್ನ ಕಡೆ ತಿರುಗಿಸಿಕೊಂಡು, ದನಿಯಿಲ್ಲದೆ ಉತ್ತರ ಹೇಳಿದಳು. ಅವನಿಗೆ ತಿಳಿಯಲಿಲ್ಲ. ಅವಳು ಬೇಸರಿಸದೆ ಇನ್ನೊಮ್ಮೆ ಹೇಳಿದಳು. ಬಸ್ಸು ಎಂಬುದೊಂದು ಸಿಕ್ಕಿತು. ಮತ್ತೊಮ್ಮೆ, ಮಗುವಿಗೆ ಅಕ್ಷರ ತಿದ್ದಿಸುವಷ್ಟು ನಿಧಾನಕ್ಕೆ ಹೇಳಿದಳು. ಅವನು ಅವಳ ತುಟಿಯ ಜೊತೆಗೇ ತನ್ನ ತುಟಿ ಆಡಿಸುತ್ತಾ ಪೂರ್ತಿ ಓದಿಕೊಂಡ:

"ಬಸ್ಸು ಹಳೇದು, ಹಾರನ್ ಜೋರು. ಆದ್ರೂ ನಾನು ಇಳಿಯಲ್ಲ."